ಹತ್ತು ಸುತ್ತು

ಹನ್ನೆರಡು ವರ್ಷದ ಹಿಂದೆ ಒಂದು ಬುಧವಾರ, ಬೆಳಿಗ್ಗೆ ಹತ್ತರಿಂದ ಊಟದ ಗಂಟೆಯವರೆಗೆ, ದೊಡ್ಡ ಲಾಂಡ್ರಿಯ ಅಂಗಳದಲ್ಲಿ, ಇನ್ನೂರು ಜನ ಕೆಲಸದವರ ಎದುರಿಗೆ, ಅಲ್ಲೇ ಇಸ್ತ್ರಿ ಮಾಡುತ್ತಿದ್ದ ಅವಳ ಅಮ್ಮನ ಕೈಗೆ ಒಂದು ರಟ್ಟು ಕೊಟ್ಟು ನಿಲ್ಲಿಸಿದರು. ಮಡಿಸಿದ ಅಂಗಿಯ ಬೆನ್ನಿಗೆ ಕೊಡುವ ರಟ್ಟು. ಅದರ ಮೇಲೆ ‘ಕರೆಂಟ್ ಕಳ್ಳಿ, ಆರು ಆಂಪಿಯರ್’ ಎಂದು ಬರೆದಿತ್ತು. ಅಮ್ಮ ಕದ್ದಿರಲಿಲ್ಲ.

ಈಗ ಅದೇ ಅಮ್ಮ ಬಸ್ಸಿನ ಕಿಟಕಿ ಪಕ್ಕ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಮನೆ ಬಿಡುವಾಗ ಎಂದಿನಂತೆ ಅಡುಗೆಮನೆಯ ದೀಪ ಆರಿಸಿದ್ದಳು, ಫ್ಯಾನ್ ಆರಿಸಿದ್ದಳು, ಬಾಗಿಲಿಗೆ ಬೀಗ ಹಾಕಿದ ಮೇಲೆ ಮತ್ತೆ ತೆಗೆದು ಹೋಗಿ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದು ಬಂದಿದ್ದಳು. ಹನ್ನೆರಡು ವರ್ಷದಿಂದ ಹೀಗೇ. ಬೇಸಿಗೆಯಲ್ಲೂ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾಳೆ. ಮೆಟ್ಟಿಲ ಮೇಲೆ ಯಾರದಾದರೂ ಹೆಜ್ಜೆ ಕೇಳಿದರೆ ಸಾಕು, ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ. ಪಕ್ಕದ ಮನೆಯವಳು ಸಕ್ಕರೆ ಕೇಳಲು ಬಂದರೂ ಅಮ್ಮ ಕತ್ತಲೆಯಲ್ಲೇ ಬಾಗಿಲು ತೆಗೆಯುವುದು. “ದೀಪ ಹಾಕಮ್ಮ” ಎಂದರೆ “ಕಾಣ್ತದಲ್ಲ, ಸಾಕು ಬಿಡು” ಎನ್ನುತ್ತಾಳೆ. ಕಾಣುತ್ತಿರುವುದಿಲ್ಲ.

“ಎಲ್ಲಿಗೆ ಅಂತ ಬಾಯಿ ಬಿಟ್ಟು ಹೇಳಬಾರದೇನೇ?” ಎಂದಳು ಅಮ್ಮ. “ಒಳ್ಳೆ ಸೀರೆ ಉಟ್ಕೊ ಅಂದೆ, ಉಟ್ಕೊಂಡೆ. ಗಂಡು ನೋಡೋಕೆ ಹೊರಟಿದೀವಾ? ನಿನಗೋ, ನನಗೋ?”

“ನಿನಗೇ.”

“ಹಲ್ಲಿರೋನಾದರೆ ಸರಿ.”

ಅವಳು ನಕ್ಕಳು. ಬ್ಯಾಗಿನಲ್ಲಿ ಇಂದು ಓದಬೇಕಾದ ಕಾಗದವಿತ್ತು. ಅದರಲ್ಲಿ ಒಂದೇ ಅಂಕಿಗೆ ಸುತ್ತ ಗೆರೆ ಎಳೆದಿತ್ತು: ಹದಿನಾಲ್ಕು. ಆರಕ್ಕಿಂತ ಎಂಟು ಹೆಚ್ಚು. ಎಂಟು ಬಡ್ಡಿ ಎಂದುಕೊಂಡು ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಿಕೊಂಡಿದ್ದಳು. ಅದು ಖುಷಿಯಾದ ಮುಖದ ಹಾಗೆ ಇರಲಿಲ್ಲ, ಹಲ್ಲುನೋವಿನವರ ಮುಖದ ಹಾಗಿತ್ತು.

ಅವಳ ಕೆಲಸ ಕರೆಂಟ್ ಅಳೆಯುವುದು. ಕಾರ್ಖಾನೆ, ಆಸ್ಪತ್ರೆ, ಹೋಟೆಲು, ಎಲ್ಲಿ ಕರೆಂಟ್ ಹೆಚ್ಚು ಸೋರುತ್ತಿದೆ ಎಂಬ ಅನುಮಾನವೋ ಅಲ್ಲಿಗೆ ಅವಳ ಕಂಪನಿ ಅವಳನ್ನು ಕಳಿಸುತ್ತದೆ. ಹೋಗಿ ಒಂದೊಂದು ಲೈನಿನ ತಂತಿಗೂ ಒಂದೊಂದು ಉಂಗುರ ತೊಡಿಸುತ್ತಾಳೆ. ಆಫೀಸಿನಲ್ಲಿ ಅದಕ್ಕೆ ಸೆನ್ಸರ್ ಎಂದು ಹೆಸರು, ಕೆಲಸದವರ ಬಾಯಲ್ಲಿ ಬಳೆ. ಅದರಿಂದ ಅವಳೂ ಬಳೆ. ‘ಬಳೆ ಬಂದಳು, ಇನ್ನು ಯಾರಿಗೆ ಕಾದಿದೆಯೋ’ ಎಂದು ಹೋದಲ್ಲೆಲ್ಲ ಆಡಿಕೊಳ್ಳುತ್ತಾರೆ. ಬಳೆ ತಂತಿಯನ್ನು ಕೊಯ್ಯುವುದಿಲ್ಲ, ಸಿಪ್ಪೆ ಸುಲಿಯುವುದಿಲ್ಲ, ಒಳಗಿನ ತಾಮ್ರವನ್ನು ಮುಟ್ಟುವುದೂ ಇಲ್ಲ. ತಂತಿಯೊಳಗೆ ಕರೆಂಟ್ ಹರಿದರೆ ಅದರ ಸುತ್ತ ಕಾಣದ ಒಂದು ಅಯಸ್ಕಾಂತದ ಸೆಳೆತ ಹುಟ್ಟುತ್ತದೆ. ಬಳೆ ಆ ಸೆಳೆತವನ್ನು ಹಿಡಿದು, ಒಳಗೆ ಎಷ್ಟು ಹರಿಯುತ್ತಿದೆ ಎಂದು ಹೇಳುತ್ತದೆ. ಇದನ್ನು ಮೊದಲ ಸಲ ಕೇಳಿದಾಗ ಅವಳಿಗೆ ಆಶ್ಚರ್ಯವೇನೂ ಆಗಿರಲಿಲ್ಲ. ಬಾಗಿಲಲ್ಲಿ ನಿಂತ ಅಮ್ಮನ ಬೆನ್ನು ನೋಡಿ ಅವತ್ತಿನ ನೋವೆಷ್ಟು ಎಂದು ಮುಟ್ಟದೆ ಓದಿಕೊಂಡು ಬೆಳೆದವಳು ಅವಳು.

ನಾಲ್ಕು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರ, ತರಬೇತಿ ಕೊಡುವ ಮೇಷ್ಟ್ರು ಮೇಜಿನ ಮೇಲೆ ಒಂದು ಬಲ್ಬು ಇಟ್ಟು, ಅದರ ತಂತಿಗೆ ದೊಡ್ಡ ಬಳೆ ತೊಡಿಸಿದರು. ಮೀಟರಿನ ಮುಳ್ಳು ಅಲುಗಲಿಲ್ಲ. “ದೊಡ್ಡ ಬಳೆಗೆ ಸಣ್ಣ ಕರೆಂಟ್ ಕೇಳಿಸಲ್ಲ, ಕಿವುಡು” ಎಂದರು. ಆಮೇಲೆ ಅದೇ ತಂತಿಯನ್ನು ಬಳೆಯೊಳಗೆ ತೂರಿಸಿ ಸುತ್ತಿದರು. ಒಂದು ಸುತ್ತು, ಎರಡು ಸುತ್ತು, ಹತ್ತು ಸುತ್ತು. ಮುಳ್ಳು ಎದ್ದು ನಿಂತಿತು. “ಹತ್ತು ಸಲ ಕೂಗಿದ ಹಾಗೆ. ಈಗ ಕೇಳಿಸ್ತು. ಆದರೆ ಬಂದ ಅಂಕೀನ ಹತ್ತರಿಂದ ಭಾಗಿಸಬೇಕು. ಮರೆತಿರೋ, ಬಲ್ಬು ಇರೋ ಕಡೆ ಇಸ್ತ್ರಿಪೆಟ್ಟಿಗೆ ಇದೆ ಅಂತ ಬರೆದುಬಿಡ್ತೀರಿ.” ಎಲ್ಲರೂ ನಕ್ಕರು. ಅವಳು ನೋಟ್‌ಬುಕ್ಕಿನ ಅಂಚಿನಲ್ಲಿ ಆರು ಎಂದು ಬರೆದು, ಹತ್ತರಿಂದ ಭಾಗಿಸಿದಳು. ಸೊನ್ನೆ ಬಿಂದು ಆರು. ಒಂದು ಬಲ್ಬು, ಒಂದು ಫ್ಯಾನು. ಲಾಂಡ್ರಿಯ ಹಿಂದಿನ ಸಾಲುಮನೆಯಲ್ಲಿ, ಅವರ ಒಂದೇ ಕೋಣೆಯಲ್ಲಿ ಇದ್ದದ್ದು ಅಷ್ಟೇ. ಟೈ ಕಟ್ಟಿಕೊಂಡು ಬಂದಿದ್ದ ಯಾರೋ ಒಬ್ಬ, ಹತ್ತು ಸುತ್ತು ಸುತ್ತಿ, ಭಾಗಿಸುವುದನ್ನು ಮರೆತು, ಚೀಟಿ ಬರೆದುಕೊಟ್ಟು ಹೋಗಿದ್ದ. ಆರು ಆಂಪಿಯರ್ ಎಂದರೆ ಎರಡು ಇಸ್ತ್ರಿಪೆಟ್ಟಿಗೆ. ಈ ಹೆಂಗಸು ಹೊರಗಿನ ಬಟ್ಟೆ ತಂದು ನಮ್ಮ ಕರೆಂಟಿನಲ್ಲಿ ಇಸ್ತ್ರಿ ಮಾಡುತ್ತಿದ್ದಾಳೆ ಎಂದು ಉಳಿದವರು ಲೆಕ್ಕ ಮುಗಿಸಿದರು.

ಅವಳು ಅಮ್ಮನಿಗೆ ಇದನ್ನು ಹೇಳಲಿಲ್ಲ. ಹೇಳಬೇಕೆಂದು ಆವತ್ತೇ ಓಡಿಬಂದಿದ್ದಳು; ಕತ್ತಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಮ್ಮನ ಎದುರು ಕೂತಾಗ ಮಾತು ಸಣ್ಣದಾಗಿಬಿಟ್ಟಿತು. ಯಾರೋ ದ್ವೇಷದಿಂದ ಮಾಡಿದರು ಎಂದಿದ್ದರೆ ಆ ದ್ವೇಷಕ್ಕೆ ಎದುರು ನಿಂತು ಬದುಕಬಹುದಿತ್ತು. ಒಂದು ಭಾಗಾಕಾರ ಮರೆತುಹೋಯಿತು, ಅದಕ್ಕೇ ನಿನ್ನ ಇಷ್ಟು ವರ್ಷ ಹೋಯಿತು ಎಂದು ಹೇಗೆ ಹೇಳುವುದು? ಇನ್ನೊಂದು ಕಾರಣವೂ ಇತ್ತು. ಅದನ್ನು ಅವಳು ತನಗೂ ಹೇಳಿಕೊಂಡಿರಲಿಲ್ಲ. ಮರೆವನ್ನು ಕ್ಷಮಿಸಬೇಕಾಗುತ್ತದೆ. ಅವಳಿಗೆ ಕ್ಷಮಿಸುವುದು ಬೇಕಿರಲಿಲ್ಲ.

ಬಸ್ಸು ಹಳೇ ಸೇತುವೆ ದಾಟಿ ಎಡಕ್ಕೆ ತಿರುಗಿತು. ಅಮ್ಮನ ಕೈ ಚೀಲದ ಹಿಡಿಯ ಮೇಲೆ ಬಿಗಿಯಾಯಿತು. ಸಾಬೂನು ಮತ್ತು ಹಬೆ ಸೇರಿದ ವಾಸನೆ ಕಿಟಕಿಯಿಂದ ಒಳಗೆ ಬಂತು. ಅಮ್ಮ ಇಳಿಯುವ ಜಾಗ ಬರುವ ಮೊದಲೇ ಎದ್ದು ನಿಂತಳು.

ಹತ್ತು ದಿನದ ಹಿಂದೆ ಅವಳೊಬ್ಬಳೇ ಇದೇ ಗೇಟಿನಲ್ಲಿ ನಿಂತಿದ್ದಳು. ಕಾವಲುಗಾರ ಅವಳ ಬೆನ್ನ ಹಿಂದೆ ಇಣುಕಿ, “ಅಳೆಯೋರು ಎಲ್ಲಿ?” ಎಂದಿದ್ದ. “ನಾನೇ.” “ಗಂಡಸರು ಯಾರೂ ಬರಲಿಲ್ವಾ?” “ಗಂಡಸರದ್ದೂ ನಾನೇ ಅಳೀತೀನಿ” ಎಂದಳು. ಅವನು ಪುಸ್ತಕ ಮುಂದೆ ತಳ್ಳಿದ. ಆಗ ಒಳಗಿನಿಂದ ಬಂದವನು ಸೀಟಿ. ಕೊರಳಲ್ಲಿ ಕಪ್ಪು ದಾರ, ದಾರದ ತುದಿಗೆ ಹಿತ್ತಾಳೆಯ ಸೀಟಿ. ಲಾಂಡ್ರಿಯ ಮೇಲ್ವಿಚಾರಕನನ್ನು ಅವಳ ಕಾಲದಲ್ಲೂ ಹಾಗೇ ಕರೆಯುತ್ತಿದ್ದರು. ಕೂದಲು ನರೆತಿತ್ತು, ಹೊಟ್ಟೆ ಕರಗಿತ್ತು, ಸೀಟಿ ಮಾತ್ರ ಹಾಗೇ ಹೊಳೆಯುತ್ತಿತ್ತು. ರಟ್ಟು ಬರೆದವನು ಅವನು. ಅಮ್ಮನ ಮೊಣಕೈ ಹಿಡಿದು, ಬಿಸಿಲು ನೇರ ಬೀಳುವ ಕಡೆಗೆ ಎರಡು ಹೆಜ್ಜೆ ಸರಿಸಿ ನಿಲ್ಲಿಸಿದವನು ಅವನು. ಆಗ ಅವಳಿಗೆ ಹತ್ತೊಂಬತ್ತು. ಇಲ್ಲೇ ಚಾದರ ಮಡಿಸುವ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಈಗ ಅವನು ಅವಳ ಮುಖವನ್ನು ಪೂರ್ತಿ ನೋಡಿದ. ಗುರುತು ಹಿಡಿದುಬಿಡುತ್ತಾನೆ ಎಂದುಕೊಂಡಳು. ಅವನು ಹಿಡಿಯಲಿಲ್ಲ. “ಬನ್ನಿ ಮೇಡಂ” ಎಂದ. ಆ ಮರ್ಯಾದೆಯಿಂದ ಅವಳ ಕೆನ್ನೆಗೆ ಹೊಡೆದ ಹಾಗಾಯಿತು.

ಲಾಂಡ್ರಿ ಈಗ ಸತ್ತ ಯಜಮಾನರ ಮಗನ ಕೈಯಲ್ಲಿತ್ತು. ಎಲ್ಲರೂ ಚಿಕ್ಕ ಯಜಮಾನರು ಎನ್ನುತ್ತಿದ್ದರು. ಯಂತ್ರಗಳ ಲೈನು, ಹಬೆಯ ಬಾಯ್ಲರಿನ ಲೈನು, ಸಾಲುಮನೆಗಳ ಲೈನು, ಹಿತ್ತಲಲ್ಲಿ ಸೀಟಿಗೆ ಕೊಟ್ಟ ಎರಡು ಕೋಣೆಯ ಮನೆಯ ಲೈನು, ಎಲ್ಲಕ್ಕೂ ಬಳೆ ಬೀಳಲಿ ಎಂದಿದ್ದರು. ಸೀಟಿಯ ಮನೆಯದು ಕೊನೆಗೆ ಬಂತು. ಬೋರ್ಡು ಎತ್ತರದಲ್ಲಿತ್ತು. ಅವನೇ ಸ್ಟೂಲು ತಂದು ಹಾಕಿ, ಅದು ಅಲುಗಾಡುತ್ತದೆಂದು ಎರಡೂ ಕೈಯಲ್ಲಿ ಹಿಡಿದು ನಿಂತ. ಅವಳ ಪಾದದ ಪಕ್ಕದಲ್ಲಿ ಅವನ ಬೆರಳುಗಳು, ಉಗುರುಸುತ್ತಾಗಿ ದಪ್ಪವಾದ ಹೆಬ್ಬೆರಳು. ಕಾಲೆತ್ತಿ ಒಂದು ಸಲ ಒತ್ತಿದರೆ ಸಾಕು ಎನಿಸಿತು. ಅದರ ಬದಲು ಅವಳು ಕರೆಂಟ್ ಕಡಿದು, ಒಂದೂವರೆ ಮಾರು ತಂತಿ ಹೆಚ್ಚಿಗೆ ಜೋಡಿಸಿ, ಬಳೆಯೊಳಗೆ ತೂರಿಸಿ ಸುತ್ತತೊಡಗಿದಳು.

“ಯಾಕೆ ಮೇಡಂ, ಇಷ್ಟು ಸುತ್ತು? ದಾರದುಂಡೆ ಮಾಡ್ತಿದೀರಲ್ಲ.”

“ಸಣ್ಣ ಲೈನಿಗೆ ಹೀಗೇ ಸುತ್ತೋದು ಸಾರ್.” ಅದು ನಿಜವೇ ಆಗಿತ್ತು.

“ಸುತ್ತಿ, ಸುತ್ತಿ. ನಮ್ಮನೇಲಿ ಏನಿದೆ? ಎರಡು ದೀಪ, ಫ್ಯಾನು, ಒಂದು ಫ್ರಿಜ್ಜು. ಮತ್ತೆ ಇವಳದ್ದೊಂದು.” ಒಳಕೋಣೆಯ ಕಡೆ ಗದ್ದ ತಿರುಗಿಸಿದ. ಮಂಚದ ಮೇಲೆ ಅವನ ಹೆಂಡತಿ ಮಲಗಿದ್ದಳು. ಅವಳ ಕೆಳಗೆ ಗಾಳಿ ತುಂಬಿದ ಹಾಸಿಗೆ. ಮಂಚದ ಕಾಲಿಗೆ ಕಟ್ಟಿದ ಪುಟ್ಟ ಪಂಪು ಗುಂಯ್‌ಗುಡುತ್ತಿದ್ದುದು ಈಗ ನಿಂತಿತ್ತು. “ಬೇಗ ಹಾಕಿಬಿಡಿ, ಹಾಸಿಗೆ ಇಳಿದರೆ ಬೆನ್ನು ಹುಣ್ಣಾಗ್ತದೆ.”

ಮಲಗಿರಲಿ ಎಂದುಕೊಂಡಳು. ಏಳು, ಎಂಟು, ಒಂಬತ್ತು.

“ಸಾರ್, ಹಿಂದೆ ಇಲ್ಲಿ ಒಬ್ಬ ಇಸ್ತ್ರಿ ಹೆಂಗಸನ್ನ ಅಂಗಳದಲ್ಲಿ ನಿಲ್ಲಿಸಿದ್ರಂತೆ?”

“ಯಾವಳನ್ನ?” ಅವನು ಸ್ಟೂಲು ಬಿಡದೆ ಯೋಚಿಸಿದ. “ಎಷ್ಟೋ ಜನಾನ ನಿಲ್ಲಿಸಿದೀವಿ. ಸಾಬೂನು ಕದ್ದೋರು, ಗುಂಡಿ ಕದ್ದೋರು. ಇನ್ನೂರು ಜನಾನ ಹಿಡಿತದಲ್ಲಿ ಇಡಬೇಕಲ್ಲ ಮೇಡಂ. ಒಬ್ಬೊಬ್ಬಳ ಮುಖ ನೆನಪಿಟ್ಕೊಂಡ್ರೆ ನಿದ್ದೆ ಹತ್ತುತ್ತಾ?”

ಹತ್ತು.

ಬಳೆಗೆ ಜೋಡಿಸಿದ ಅಳತೆ ಪೆಟ್ಟಿಗೆಯ ಪರದೆಯ ಮೇಲೆ ‘ಸುತ್ತು’ ಎಂಬ ಖಾನೆಯಲ್ಲಿ ಒಂದು ಎಂದಿತ್ತು. ಅದನ್ನು ಹತ್ತು ಮಾಡಿದರೆ ಪೆಟ್ಟಿಗೆ ತಾನೇ ಭಾಗಿಸಿಕೊಳ್ಳುತ್ತದೆ. ಅವಳು ಬೆರಳನ್ನು ಖಾನೆಯ ಮೇಲೆ ಹಿಡಿದು ನಿಂತಳು. ಆಮೇಲೆ ಮುಚ್ಚಳ ಮುಚ್ಚಿದಳು. ಏನೂ ಮಾಡಲಿಲ್ಲ, ಒಂದು ಅಂಕಿಯನ್ನು ಮುಟ್ಟಲಿಲ್ಲ, ಅಷ್ಟೇ. ಮರೆತವನಿಗೂ ತನಗೂ ನಡುವೆ ಇದ್ದ ವ್ಯತ್ಯಾಸ ಒಂದು ಬೆರಳಿನದು, ಅದನ್ನು ಅಳೆಯುವ ಬಳೆ ಎಲ್ಲೂ ಸಿಗುವುದಿಲ್ಲ ಎಂದು ಸ್ಟೂಲು ಇಳಿಯುವಾಗ ಹೊಳೆಯಿತು. ಸೀಟಿ ಕೈ ಕೊಟ್ಟ. ಅವಳು ಗೋಡೆ ಹಿಡಿದು ಇಳಿದಳು.

ಒಂದು ವಾರ ಅವಳು ಆಫೀಸಿನಲ್ಲಿ ಕೂತು, ಪೆಟ್ಟಿಗೆ ಕಂಪ್ಯೂಟರಿಗೆ ಕಳಿಸುವ ಸೀಟಿಯ ಮನೆಯ ಕರೆಂಟಿನ ಗೆರೆ ನೋಡಿದಳು. ಬೆಳಿಗ್ಗೆ ದೀಪಕ್ಕೆ ಗೆರೆ ಏಳುತ್ತಿತ್ತು, ಫ್ರಿಜ್ಜು ಉಸಿರೆಳೆದಾಗಲೆಲ್ಲ ಉಬ್ಬುತ್ತಿತ್ತು. ಆದರೆ ಯಾವ ಹೊತ್ತಿನಲ್ಲೂ ಅದು ಸೊನ್ನೆಗೆ ಇಳಿಯಲಿಲ್ಲ. ತಳದಲ್ಲಿ ಒಂದು ಸಣ್ಣ ಗೆರೆ, ಹತ್ತರಷ್ಟು ಉಬ್ಬಿಸಿಕೊಂಡಿದ್ದರೂ ಸಣ್ಣದೇ, ಹಗಲೂ ರಾತ್ರಿ ಎಳೆದುಕೊಂಡೇ ಹೋಗುತ್ತಿತ್ತು. ಆ ಹೆಂಗಸಿನ ಬೆನ್ನಿನ ಕೆಳಗಿನ ಗಾಳಿ. ಅವಳು ಕಂಪ್ಯೂಟರಿನ ಪರದೆಯನ್ನು ಕೊಂಚ ಮೇಲೆ ಸರಿಸಿ, ತಳದ ಗೆರೆ ಕಾಣದ ಹಾಗೆ ಮಾಡಿಕೊಂಡು ಕೆಲಸ ಮುಂದುವರಿಸಿದಳು. ಹೆಚ್ಚೆಂದರೆ ಎಷ್ಟು ಎಂಬ ಜಾಗದಲ್ಲಿ ಹದಿನಾಲ್ಕು ಎಂದು ಬಂತು.

“ಹದಿನಾಲ್ಕಾ!” ಎಂದಿದ್ದರು ಚಿಕ್ಕ ಯಜಮಾನರು ಫೋನಿನಲ್ಲಿ. “ಎರಡು ಕೋಣೇಲಿ ಏನು ಸೋಡಾ ಫ್ಯಾಕ್ಟರಿ ಇಟ್ಟಿದಾನಾ? ಅಪ್ಪನ ಕಾಲದಿಂದ ನಂಬಿದ್ವಲ್ಲ. ಇರಲಿ, ಪದ್ಧತಿ ಅವನೇ ಶುರು ಮಾಡಿದ್ದು, ಅವನಿಗೂ ಅದೇ. ಬುಧವಾರ ಬನ್ನಿ. ಅಂಕಿ ನೀವೇ ಓದಿ. ಅಳೆದವರ ಬಾಯಲ್ಲಿ ಬಂದ್ರೆ ಯಾರೂ ಎದುರಾಡಲ್ಲ.” ಬುಧವಾರ ಎಂದದ್ದು ಕೇಳಿ ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ್ದಳು.

ಈಗ ಅಂಗಳ. ಅಷ್ಟೇ ಅಗಲ, ಅದೇ ಸಿಮೆಂಟು, ಅದೇ ಕಡೆಯಿಂದ ಬಿಸಿಲು. ಕೆಲಸದವರು ಅರ್ಧ ವರ್ತುಲವಾಗಿ ನಿಂತಿದ್ದರು. ಕೆಲವರ ಮುಖದಲ್ಲಿ ಹೆದರಿಕೆ, ಹೆಚ್ಚಿನವರ ಮುಖದಲ್ಲಿ ಹಬ್ಬ. “ಸೀಟಿಗೇ ಸೀಟಿ ಊದಿದ್ರಲ್ಲೋ” ಎಂದು ಯಾರೋ ಪಿಸುಗುಟ್ಟಿದರು, ಕಿಸಕ್ಕೆಂದು ನಗು ಹರಿಯಿತು. ನಡುವೆ ಸೀಟಿ. ಕೈಯಲ್ಲಿ ರಟ್ಟು, ‘ಕರೆಂಟ್ ಕಳ್ಳ’ ಎಂದು ಬರೆದು ಅಂಕಿಗೆ ಜಾಗ ಬಿಟ್ಟಿದ್ದರು. ಅವನ ಕೈ ನಡುಗಿ ರಟ್ಟು ಅಂಗಿಯ ಗುಂಡಿಗೆ ತಾಗಿ ಟಪಟಪ ಎನ್ನುತ್ತಿತ್ತು. ಇದನ್ನೇ ನೋಡಬೇಕೆಂದು ಅವಳು ಬದುಕಿದ್ದಳು. ನೋಡುತ್ತಿದ್ದಳು. ಆ ದಿನ ಅಮ್ಮನ ಕೈ ನಡುಗಿರಲಿಲ್ಲ ಎಂದು ಥಟ್ಟನೆ ನೆನಪಾಯಿತು. ನಡುಗಿದ್ದು ತನ್ನ ಕೈ. ಮೂರನೇ ಸಾಲಿನಲ್ಲಿ ಅವಳು ನಿಂತಿದ್ದಳು. ಪಕ್ಕದವಳು “ನಿಮ್ಮಮ್ಮ ಅಲ್ವೇನೇ ಅದು?” ಎಂದಾಗ ಉತ್ತರ ಕೊಟ್ಟಿರಲಿಲ್ಲ. ಸೀಟಿ ಅವಳ ಹತ್ತಿರ ಬಂದು “ನೀನು ಒಳಗೆ ಹೋಗು, ಚಾದರ ಬಿದ್ದಿದಾವೆ” ಎಂದಿದ್ದ. ಅವಳು ಹೋಗಿದ್ದಳು. ಊಟದ ಗಂಟೆಯವರೆಗೆ ನಲವತ್ತು ಚಾದರ, ಅಂಚಿಗೆ ಅಂಚು ಕೂಡಿಸಿ, ಒಂದೂ ಸುಕ್ಕಿಲ್ಲದೆ ಮಡಿಸಿದ್ದಳು.

“ಓದಿ ಮೇಡಂ” ಎಂದರು ಚಿಕ್ಕ ಯಜಮಾನರು, ಅಮ್ಮನ ಕಡೆ ಒಮ್ಮೆ ನೋಡಿ, ಸಹಾಯಕ್ಕೆ ಬಂದ ಯಾರೋ ಇರಬೇಕೆಂದು ಬಿಟ್ಟು.

ಅವಳು ಕಾಗದ ಬಿಡಿಸಿದಳು.

“ಸಾರ್,” ಎಂದ ಸೀಟಿ. ದನಿ ಒಣಗಿತ್ತು. “ಇವತ್ತಿನವರೆಗೂ ಒಂದು ಗುಂಡಿ ಮುಟ್ಟಿದವನಲ್ಲ ನಾನು. ಸರಿಯಾಗಿ ಅಳೆದಿದಾರಾ ಅಂತ ಒಂದ್ಸಲ…”

ಹಿಂದಿನಿಂದ ಮತ್ತೆ ನಗು. ಅವಳು ನಗಲಿಲ್ಲ. ಆ ಮಾತು ಅವಳಿಗೆ ಗೊತ್ತಿತ್ತು. ಅಮ್ಮ ಅಂದು ಆಡಿದ್ದು ಅದೊಂದೇ ಮಾತು: ‘ಸರಿಯಾಗಿ ಅಳೆದ್ರಾ ಸ್ವಾಮಿ?’ ಯಾರೂ ಉತ್ತರ ಕೊಟ್ಟಿರಲಿಲ್ಲ. ಅವಳು ಪಕ್ಕಕ್ಕೆ ತಿರುಗಿದಳು. ಅಮ್ಮ ಸೀಟಿಯನ್ನು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದಳು.

“ಸರಿಯಾಗಿ ಅಳೆದ್ಯೇನೇ?” ಎಂದಳು ಅಮ್ಮ. ಮೆಲ್ಲಗೆ, ಉಪ್ಪು ಹಾಕಿದ್ಯಾ ಎಂದು ಕೇಳುವ ಹಾಗೆ.

ಹೌದು ಎನ್ನಬಹುದಿತ್ತು. ಹೌದು ಎಂದರೆ ಇವನು ಊಟದ ಗಂಟೆಯವರೆಗೆ ಬಿಸಿಲಲ್ಲಿ ನಿಲ್ಲುತ್ತಾನೆ, ಇವತ್ತಿನಿಂದ ಇವನೂ ಹೆಜ್ಜೆ ಸಪ್ಪಳ ಕೇಳಿದರೆ ದೀಪ ಆರಿಸುತ್ತಾನೆ. ಆದರೆ ಹತ್ತು ಸುತ್ತಿನ ಮಾತನ್ನು ಇನ್ನು ಯಾವತ್ತೂ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹದಿನಾಲ್ಕು ಹದಿನಾಲ್ಕಾಗಿ ಉಳಿದರೆ, ಅಮ್ಮನ ಆರು ಕೂಡ ಆರಾಗಿಯೇ ಉಳಿಯುತ್ತದೆ. ತಾನು ಸುತ್ತಿದ್ದು ಇವನ ತಂತಿಯನ್ನಷ್ಟೇ ಅಲ್ಲ. ಬಾಯೊಳಗೆ ತಾಮ್ರದ ರುಚಿ ಬಂತು.

“ಇಲ್ಲ” ಎಂದಳು.

“ಏನಿಲ್ಲ?” ಎಂದರು ಚಿಕ್ಕ ಯಜಮಾನರು.

“ಹದಿನಾಲ್ಕಲ್ಲ. ಒಂದು ಬಿಂದು ನಾಲ್ಕು. ತಂತೀನ ಬಳೆಗೆ ಹತ್ತು ಸುತ್ತು ಸುತ್ತಿದೀನಿ, ಹತ್ತರಿಂದ ಭಾಗಿಸಬೇಕು. ಭಾಗಿಸಲಿಲ್ಲ. ಮರೆತು ಅಲ್ಲ, ಬೇಕೂಂತ.” ತನ್ನ ದನಿ ಅಂಗಳದ ಕೊನೆಯ ಗೋಡೆಗೆ ತಾಗಿ ಬರುವುದು ಕೇಳಿತು. “ಹನ್ನೆರಡು ವರ್ಷದ ಹಿಂದೆ ಇಲ್ಲೇ ಒಬ್ಬ ಹೆಂಗಸಿಗೆ ಆರು ಅಂತ ಬರೆದು ನಿಲ್ಲಿಸಿದ್ರಿ. ಅದೂ ಹೀಗೇ ಸುತ್ತಿದ್ದು. ಅದನ್ನೂ ಯಾರೂ ಭಾಗಿಸಲಿಲ್ಲ. ಒಂದು ಬಲ್ಬು, ಒಂದು ಫ್ಯಾನು. ಅವಳು ಕದ್ದಿರಲಿಲ್ಲ.”

ಅಮ್ಮನ ಚೀಲ ಕೈಯಿಂದ ಜಾರಿತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

“ನಾಟಕ ಮಾಡ್ತಿದೀರಾ? ನಿಮ್ಮ ಕಂಪನಿಗೆ ಈಗಲೇ ಫೋನ್ ಮಾಡ್ತೀನಿ!” ಎಂದರು ಚಿಕ್ಕ ಯಜಮಾನರು.

“ಮಾಡಿ.”

ಸೀಟಿ ಉಸಿರು ಬಿಟ್ಟ. ಒಂದು ಕ್ಷಣ ಅವನು ಮುದುಕನ ಹಾಗೆ ಕಂಡ. ಮರುಕ್ಷಣ ರಟ್ಟನ್ನು ಗೋಡೆಗೆ ಒರಗಿಸಿ, ಅಂಗಿ ಕೆಳಗೆ ಎಳೆದುಕೊಂಡು, ಕೊರಳಿಗೆ ಕೈ ಹಾಕಿ ಸೀಟಿ ಊದಿದ. “ನೋಡಿದ್ದು ಸಾಕು, ನಡೀರಿ ಎಲ್ಲ ಒಳಗೆ! ಮೆಷಿನ್ನು ಖಾಲಿ ಓಡ್ತಿದಾವೆ!” ಅವಳ ಕಡೆ ತಿರುಗಿಯೂ ನೋಡಲಿಲ್ಲ. ಮೊದಲ ಸಾಲು ಕದಲಿತು.

ಆಗ ಅಮ್ಮ ನಡೆದಳು. ನೇರ ಗೋಡೆಯವರೆಗೆ ಹೋಗಿ ರಟ್ಟು ಎತ್ತಿಕೊಂಡಳು. ಇಸ್ತ್ರಿಯವಳ ಕೈ; ಮೂಲೆ ಮಡಿಚಿದ್ದನ್ನು ಹೆಬ್ಬೆರಳಿನಿಂದ ಒತ್ತಿ ನೇರ ಮಾಡಿದಳು. ಅದನ್ನು ತಿರುಗಿಸಿ ಖಾಲಿ ಬದಿಯನ್ನು ಸೀಟಿಯ ಎದೆಯ ಮುಂದೆ ಹಿಡಿದಳು.

“ಈ ಕಡೆ ಬರಿ.”

ಅವನು ನೋಡಿದ. ಈ ಸಲ ಗುರುತು ಹಿಡಿದ. “ಗಂಜಿಯಮ್ಮ?” ಎಂದ. ಕಾಲರುಗಳಿಗೆ ಗಂಜಿ ಹಾಕುತ್ತಿದ್ದ ಅವಳನ್ನು ಲಾಂಡ್ರಿಯಲ್ಲಿ ಹಾಗೆ ಕರೆಯುತ್ತಿದ್ದರು.

“ಹೂಂ. ಮುಖ ನೆನಪಾಯ್ತಲ್ಲ, ಬರಿ.”

“ಏನಮ್ಮ ಬರೀಲಿ? ಚೀಟಿ ಬಂತು, ನಿಲ್ಲಿಸಿದೆ. ನಾನು ಅಳೆದವನಲ್ಲ…”

“ಕಳ್ಳ ಅಂತ ಬರೀಬೇಡ. ಕದ್ದಿಲ್ಲ ನೀನು. ಮಾಡಿದ್ದು ಬರಿ. ಅಳೆದಿದ್ದು ಸರಿಯಾ ಅಂತ ಕೇಳಿದೋಳನ್ನ ಬಿಸಿಲಿಗೆ ಎಳೆದೆ ಅಂತ ಬರಿ. ಬರ್ಕೊಂಡು ನಿಂತ್ಕೊ, ಊಟದ ಗಂಟೆವರೆಗೆ. ನಾನೂ ಇಲ್ಲೇ ಇರ್ತೀನಿ.” ಅಮ್ಮ ಅಂಗಳದ ಸಿಮೆಂಟಿನ ಮೇಲೆ, ಒಳ್ಳೆಯ ಸೀರೆಯಲ್ಲೇ, ಕಾಲು ಮಡಿಚಿ ಕೂತಳು. ಹಿಂದೆ ನಿಂತಿದ್ದ ಅದೇ ಜಾಗ. ಅಳೆದು ಕೂತ ಹಾಗಿತ್ತು.

ಒಳಗೆ ಹೊರಟಿದ್ದವರಲ್ಲಿ ಇಸ್ತ್ರಿ ಹೆಂಗಸರು ನಾಲ್ಕೈದು ಜನ ಬಾಗಿಲಲ್ಲೇ ನಿಂತರು. ಅವರ ಹಿಂದಿನವರು ಒಳಗೆ ಹೋಗಲು ಜಾಗವಿಲ್ಲದೆ ನಿಂತರು. ಸೀಟಿ ಮತ್ತೆ ಊದಿದ. ಗಾಳಿ ಮಾತ್ರ ಬಂತು.

ಅವಳು ಬ್ಯಾಗಿನಿಂದ ತಂತಿಗಳಿಗೆ ಗುರುತು ಹಾಕುವ ಕಪ್ಪು ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಸೀಟಿಯ ಕಡೆ ಚಾಚಿದಳು.

ಚಿಕ್ಕ ಯಜಮಾನರು ಕೂತವಳ ಮುಖ, ಅವಳ ಮುಖ ಎರಡನ್ನೂ ಹೋಲಿಸಿ ನೋಡಿ, ನಡುವೆ ಬಂದು ನಿಂತರು. “ರೀ, ಮರ್ಯಾದೆಯಿಂದ ಹೇಳ್ತಿದೀನಿ. ನಿಮ್ಮಮ್ಮನ್ನ ಎಬ್ಬಿಸಿ. ಒಳಗೆ ಹೋಗಿ, ನಿಮ್ಮ ಬಳೆಗಿಳೆ ಬಿಚ್ಕೊಂಡು ಹೊರಡಿ.”

ನಿಮ್ಮಮ್ಮ ಎಂದರು. ಇನ್ನೂರು ಜನರ ಎದುರಿಗೆ ಎಂದರು.

“ಹೌದು, ನಮ್ಮಮ್ಮ” ಎಂದಳು ಅವಳು. ಪೆನ್ನು ಚಾಚಿದ ಕೈ ಹಾಗೇ ಇತ್ತು, ನಡುಗುತ್ತಿರಲಿಲ್ಲ. “ಒಳಗೆ ಹೋಗಲ್ಲ.”